ಮೈಸೂರು ಸಂಸ್ಥಾನದ ಸಂಬಳದಲ್ಲಿದ್ದ ಬರ್ಲಿನ್ ಆರ್ಕಿಟೆಕ್ಟ್

ನೀವು ಕೇಳಿದ್ದು ಇಷ್ಟು: ಮಾಡರ್ನಿಸ್ಟ್ ಆರ್ಕಿಟೆಕ್ಟ್‌ಗಳು ಅಂದರೆ ಬರೀ ಗಾಜು, ಕಾಂಕ್ರೀಟು ಅಲ್ವಾ? ಅವರಿಗೂ ನಮ್ಮ ಮೈಸೂರಿಗೂ ಏನಾದರೂ ನಂಟಿದೆಯೇ?

ಇದೆ. ಅವರ ಹೆಸರು ಆಟೊ ಕೋನಿಗ್ಸ್‌ಬರ್ಗರ್. ಮೊದಲೇ ಹೇಳಿಬಿಡುತ್ತೇನೆ, ನಾನು ಆರ್ಕಿಟೆಕ್ಟ್ ಅಲ್ಲ. ಕುವೆಂಪುನಗರದಲ್ಲಿ ಮನೆ ಕಟ್ಟಿಸಿ ಕೈ ಸುಟ್ಟುಕೊಂಡವನು.

ನಮ್ಮದು ಮೂವತ್ತು ನಲವತ್ತರ ಸೈಟು, ಪಶ್ಚಿಮಕ್ಕೆ ರಸ್ತೆ. ಎಲಿವೇಶನ್ ಚೆನ್ನಾಗಿ ಕಾಣಬೇಕು ಅಂತ ಪ್ಲಾನ್ ಮಾಡಿದವರು ಮಹಡಿಯ ಕೋಣೆಗೆ ರಸ್ತೆ ಕಡೆ ಪೂರ್ತಿ ಗಾಜು ಹಾಕಿಸಿದರು. ನಾವೂ ಹೂಂ ಅಂದೆವು. ಆಯ ನೋಡಿದ್ದೆವು, ದೇವರ ಮನೆಯ ದಿಕ್ಕು ನೋಡಿದ್ದೆವು. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅಂತ ಮಾತ್ರ ಯಾರೂ ನೋಡಿರಲಿಲ್ಲ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ ಆ ಕೋಣೆಯಲ್ಲಿ ಹಪ್ಪಳ ಒಣಗಿಸಬಹುದಿತ್ತು. ಒಣಗಿಸಿದೆವು ಕೂಡ.

ಆಗ ಆರ್ಕಿಟೆಕ್ಚರ್ ಓದುತ್ತಿದ್ದ ಅಕ್ಕನ ಮಗಳು ಒಂದು ದಪ್ಪ ಪುಸ್ತಕ ತಂದುಕೊಟ್ಟಳು. "ಕಟ್ಟಿಸೋಕೆ ಮುಂಚೆ ಓದಬೇಕಿತ್ತು ಮಾಮ" ಅಂದಳು. ಬಿಸಿಲು ನಾಡುಗಳಲ್ಲಿ ಮನೆ ಹೇಗೆ ಕಟ್ಟಬೇಕು ಅನ್ನುವ ಪಠ್ಯ ಅದು, 1970ರ ದಶಕದ್ದು. ಬರೆದ ನಾಲ್ವರಲ್ಲಿ ಮೊದಲ ಹೆಸರು ಕೋನಿಗ್ಸ್‌ಬರ್ಗರ್ ಅವರದು. ಯಾರಪ್ಪಾ ಇವರು ಅಂತ ಹುಡುಕಿದರೆ, ನಮ್ಮ ಸಂಸ್ಥಾನದ ನೌಕರ!

ಹುಟ್ಟಿದ್ದು ಬರ್ಲಿನ್‌ನಲ್ಲಿ, 1908ರಲ್ಲಿ. ಹೆಸರಾಂತ ಜರ್ಮನ್ ಆರ್ಕಿಟೆಕ್ಟ್ ಹ್ಯಾನ್ಸ್ ಪೋಲ್ಜಿಗ್ ಅವರ ಶಿಷ್ಯ. 1933ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಶಿಂಕೆಲ್ ಬಹುಮಾನ ಬಂತು. ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ, ಯಹೂದಿ ಮೂಲದವರು ಅಂತ ಇವರ ಕೆಲಸ ಹೋಯಿತು. ಕೆಲವು ವರ್ಷ ಈಜಿಪ್ಟ್‌ನಲ್ಲಿ ಪ್ರಾಚೀನ ಕಟ್ಟಡಗಳ ನಡುವೆ ಕಳೆದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಬಾರ್ನ್ ಇವರಿಗಿಂತ ಮುಂಚೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದು ಹೋಗಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1939ರಲ್ಲಿ, ಸೋದರಳಿಯನೂ ಬಂದು ಸಂಸ್ಥಾನದ ಆರ್ಕಿಟೆಕ್ಟ್ ಆದರು.

ಮೈಸೂರು ಅರಮನೆ ಬಾಗಿಲಲ್ಲಿ ಗೈಡುಗಳು ಅದರ ಆರ್ಕಿಟೆಕ್ಟ್ ಹೆನ್ರಿ ಇರ್ವಿನ್ ಹೆಸರು ಹೇಳುತ್ತಾರೆ. ಇವರ ಹೆಸರು ಹೇಳುವವರಿಲ್ಲ. ಇವರ ಕೆಲಸ ಕಾಣಬೇಕಾದರೆ ನೀವು ಬೆಂಗಳೂರಿಗೇ ಹೋಗಬೇಕು: ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ಮತ್ತು ಲೋಹಶಾಸ್ತ್ರ ವಿಭಾಗಗಳು, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ. ಭದ್ರಾವತಿಗೆ ಊರಿನ ನಕ್ಷೆ ಹಾಕಿಕೊಟ್ಟರು. ಟಾಟಾದವರಿಗೆ ಜಮ್‌ಶೆಡ್‌ಪುರದ್ದು, ಆಮೇಲೆ ಭುವನೇಶ್ವರದ್ದು. 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ಒಡೆದು ಲಕ್ಷಾಂತರ ಜನ ಸೂರಿಲ್ಲದೆ ಇದ್ದ ಕಾಲ. ಕಾರ್ಖಾನೆಯಲ್ಲಿ ಗೋಡೆ ಎರಕ ಹೊಯ್ದು ತಂದು ಜೋಡಿಸುವ ಮನೆಗಳನ್ನು ದೆಹಲಿಯಲ್ಲಿ ಮಾಡಲು ಹೊರಟರು. ಅದು ಕೈಹಿಡಿಯಲಿಲ್ಲ. 1951ರಲ್ಲಿ ಲಂಡನ್‌ಗೆ ಹೋದರು. ಅಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕಲಿಸುವ ವಿಭಾಗದ ಮುಖ್ಯಸ್ಥರಾಗಿ ವರ್ಷಗಟ್ಟಲೆ ಪಾಠ ಹೇಳಿದರು. 1999ರಲ್ಲಿ ತೀರಿಕೊಂಡರು.

ನನಗೆ ಅವರ ಕಟ್ಟಡಗಳಿಗಿಂತ ಆ ಪುಸ್ತಕದ ಕೋಷ್ಟಕಗಳೇ ಜಾಸ್ತಿ ಇಷ್ಟ. ಮಹೋನಿ ಕೋಷ್ಟಕ ಅಂತಾರೆ, ಅವರ ಸಹೋದ್ಯೋಗಿಯ ಹೆಸರಲ್ಲಿ. ನಿಮ್ಮ ಊರಿನ ಹನ್ನೆರಡು ತಿಂಗಳ ಉಷ್ಣಾಂಶ, ತೇವ, ಮಳೆ ಬರೆದುಕೊಳ್ಳಬೇಕು. ಯಾವ ತಿಂಗಳು ಹಗಲು ಸೆಕೆ, ಯಾವ ತಿಂಗಳು ರಾತ್ರಿ ಚಳಿ ಅಂತ ಗುರುತು ಹಾಕಿ ಎಣಿಸಬೇಕು. ಆ ಎಣಿಕೆಯಿಂದಲೇ ಕಿಟಕಿ ಎಷ್ಟು ದೊಡ್ಡದು, ಗೋಡೆ ಎಷ್ಟು ದಪ್ಪ, ತಾರಸಿ ಹೇಗಿರಬೇಕು ಅಂತ ಗೊತ್ತಾಗುತ್ತದೆ. ಕಂಪ್ಯೂಟರ್ ಬೇಡ, ಪೆನ್ಸಿಲ್ ಸಾಕು. ಗಾಜಿನ ಪೆಟ್ಟಿಗೆ ಕಟ್ಟುವುದೇ ಮಾಡರ್ನ್ ಅಂದುಕೊಂಡವರು ಈ ಪುಟಗಳನ್ನು ನೋಡಿಲ್ಲ.

ಅದರಲ್ಲಿ ಮೊದಲು ಬರುವ ಸಲಹೆಗಳಲ್ಲೊಂದು: ಉದ್ದದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಇರಲಿ. ಮಧ್ಯಾಹ್ನದ ಬಿಸಿಲು ಮೇಲಿಂದ ಬೀಳುತ್ತದೆ, ಎರಡಡಿ ಸಜ್ಜಾ ತಡೆಯುತ್ತದೆ. ಸಂಜೆಯ ಬಿಸಿಲು ಹಾಗಲ್ಲ, ಸಜ್ಜಾದ ಕೆಳಗೆ ನುಗ್ಗಿ ನೇರ ಹಾಸಿಗೆ ಮೇಲೆ ಬೀಳುತ್ತದೆ. ಆದರೆ ನಮ್ಮ ಕಡೆ ಮುಂಗಾರಿನ ಗಾಳಿ ಬರುವುದೂ ಪಶ್ಚಿಮದಿಂದಲೇ. ಗೋಡೆ ಕಟ್ಟಿ ಮುಚ್ಚಿದರೆ ಗಾಳಿಯೂ ಹೋಯಿತು.

ಒಳಗಿನ ಪರದೆಯಿಂದ ಹೆಚ್ಚು ಉಪಯೋಗವಿಲ್ಲ, ಗಾಜು ದಾಟಿದ ಶಾಖ ಆಗಲೇ ಕೋಣೆಯೊಳಗೆ ಬಂದಿರುತ್ತದೆ. ಬಿಸಿಲನ್ನು ಹೊರಗೇ ತಡೆಯಬೇಕು. ಹಾಗಾಗಿ ಅರ್ಧ ಗಾಜು ತೆಗೆಸಿ ತೆರೆಯುವ ಕಿಟಕಿ ಇಡಿಸಿದೆ, ಅದರಿಂದ ಎರಡಡಿ ಆಚೆಗೆ ಮಣ್ಣಿನ ಜಾಲಿ, ಅಂದರೆ ತೂತು ತೂತಿನ ಗೋಡೆ, ಕಟ್ಟಿಸಿದೆ. ಮೇಸ್ತ್ರಿ "ಎಲಿವೇಶನ್ ಹಾಳಾಗುತ್ತೆ ಸಾರ್" ಅಂತ ಎರಡು ದಿನ ಗೊಣಗಿದ.

ಹೋದ ಬೇಸಿಗೆಯಲ್ಲಿ ಮನೆಯವಳು ಹಪ್ಪಳ ಹಿಡಿದುಕೊಂಡು ತಾರಸಿಗೇ ಹತ್ತಬೇಕಾಯಿತು.