ಮನೆ ಬಿಚ್ಚುವವರು ಎಲ್ಲಿ ಹೋದರು?

ಪತ್ರ: ರಾಯಚೂರಿನಲ್ಲಿ ಮನೆ ಕೆಡವಿದ ಕಲ್ಲು-ಮಣ್ಣನ್ನು ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ಕೆರೆ ದಂಡೆಗೆ, ರಸ್ತೆ ಪಕ್ಕಕ್ಕೆ ಸುರಿದು ಹೋಗುತ್ತಾರೆ. ಅಂಥವರಿಗೆ ಭಾರಿ ದಂಡ ಹಾಕಬೇಕು. ಅದನ್ನು ಪುಡಿ ಮಾಡುವ ಘಟಕ ಇಲ್ಲೂ ಬರಬೇಕು. ನಮ್ಮ ಹಳೇ ಮಾಳಿಗೆ ಮನೆಯನ್ನು ಜೆಸಿಬಿ ತರಿಸಿ ಒಂದೇ ದಿನದಲ್ಲಿ ಕೆಡವಿಸಿದೆ. ಮಣ್ಣು ಎಲ್ಲಿ ಹಾಕಬೇಕೆಂದು ಹೇಳುವವರೇ ಇರಲಿಲ್ಲ.
– ನಿವೃತ್ತ ಶಿಕ್ಷಕರು, ರಾಯಚೂರು

ಉತ್ತರ: ಮಾಸ್ತರೇ, ದಂಡ ಹಾಕಲಿ. ಘಟಕವೂ ಬರಲಿ, ಬೇಡ ಅನ್ನೋರು ಯಾರು? ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಜೆಸಿಬಿ. ಒಂದೇ ದಿನದಲ್ಲಿ ಅಂತ ಎಷ್ಟು ಹೆಮ್ಮೆಯಿಂದ ಬರೆದಿದ್ದೀರಿ!

ನಮ್ಮ ಕಡೆ ಮಾಳಿಗೆ ಮನೆಯನ್ನು ಯಾರೂ ಕೆಡವುತ್ತಿರಲಿಲ್ಲ, ಬಿಚ್ಚುತ್ತಿದ್ದರು. ಮೊದಲು ಚಾವಣಿಯ ಮೇಲೆ ಹಾಸಿದ ಮೇಲ್ಮುದ್ದೆಯ ಮಣ್ಣು ಇಳಿಯುತ್ತಿತ್ತು. ಅದು ಬಂಡಿಯಲ್ಲಿ ಹೊಲಕ್ಕೆ. ಆಮೇಲೆ ಜಂತಿ, ತೊಲೆ, ಕಂಬ. ಬೇವಿನ ತೊಲೆಗೆ ಹುಳ ಹಿಡಿದಿದೆಯೋ ಇಲ್ಲವೋ ಅಂತ ಮುದುಕ ಮೇಸ್ತ್ರಿ ಬೆರಳಿಂದ ತಟ್ಟಿ ಸದ್ದಿನ ಮೇಲೆ ಹೇಳುತ್ತಿದ್ದ. ಗೋಡೆಯ ಕಲ್ಲನ್ನು ಹಾರೆಯಿಂದ ಮೀಟಿ, ಅಂಟಿದ ಮಣ್ಣು ಉದುರಿಸಿ, ಪಕ್ಕಕ್ಕೆ ಒಟ್ಟುತ್ತಿದ್ದರು. ಅದೇ ಕಲ್ಲು ಹೊಸ ಮನೆಯ ಪಾಯಕ್ಕೆ. ಸುರಿಯೋಕೆ ಏನು ಉಳೀತಿತ್ತು ಹೇಳಿ?

ಮಣ್ಣಿನಲ್ಲೋ ಸುಣ್ಣದ ಗಚ್ಚಿನಲ್ಲೋ ಕಟ್ಟಿದ ಇಟ್ಟಿಗೆ ಇಡಿಯಾಗಿ ಬಿಡಿಸಿ ಬರುತ್ತದೆ. ಸಿಮೆಂಟ್ ಹಾಗಲ್ಲ. ಇಟ್ಟಿಗೆ ಒಡೆದೀತು, ಸಿಮೆಂಟ್ ಬಿಡದು. ಈಗಿನ ಮನೆಗಳನ್ನು ಮೊಮ್ಮಕ್ಕಳು ಕೆಡವುವಾಗ ಸಿಗುವುದು ಬರೀ ಚೂರು. ನಿಮ್ಮದಂಥ ಮನೆ ಇನ್ನೂ ಬಿಚ್ಚುವಂತಿತ್ತು ಮಾಸ್ತರೇ, ಅದಕ್ಕೇ ಹೊಟ್ಟೆ ಉರಿಯುವುದು.

ನೀವು ಕೇಳಿದ ಘಟಕಕ್ಕೂ ಬೇಕಿರುವುದು ಹೀಗೆ ಬಿಚ್ಚಿ ಬೇರೆ ಬೇರೆ ಮಾಡಿದ್ದೇ. ಕಾಂಕ್ರೀಟ್, ಇಟ್ಟಿಗೆ, ಮಣ್ಣು, ಮರ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎಲ್ಲ ಕಲಸಿದ ರಾಶಿಯನ್ನು ಪುಡಿ ಮಾಡಿದರೆ ಒಳ್ಳೆ ಜಲ್ಲಿ ಬರುವುದಿಲ್ಲ. ಪಿಒಪಿಯ ಜಿಪ್ಸಮ್ ಸೇರಿದರೆ ಹೊಸ ಕಾಂಕ್ರೀಟೇ ಹಾಳು. ಕಟ್ಟಡ ತ್ಯಾಜ್ಯದ 2016ರ ಕೇಂದ್ರ ನಿಯಮವೂ ಬೇರೆ ಬೇರೆ ಮಾಡಿಯೇ ಕೊಡಿ ಅಂದಿತ್ತು. ಆದರೆ ಅದರ ಬಿಗಿ ಇದ್ದದ್ದು ದಿನಕ್ಕೆ 20 ಟನ್ ಅಥವಾ ಅದಕ್ಕಿಂತ ಹೆಚ್ಚು ರಾಶಿ ಹಾಕುವಂಥ ದೊಡ್ಡವರ ಮೇಲೆ. ಅದರ ಬದಲಿಗೆ ಬಂದ 2025ರ ನಿಯಮದಲ್ಲಿ ಕಟ್ಟುವವರ ಹೊಣೆ ಶುರುವಾಗುವುದು 20,000 ಚದರ ಮೀಟರ್ ವಿಸ್ತೀರ್ಣದ ಕಟ್ಟಡದಿಂದ. ಮೂವತ್ತು-ನಲವತ್ತರ ಸೈಟಿನವರನ್ನು ಕೇಳುವವರಾರು? ಊರಿನ ಅರ್ಧ ರಾಶಿ ನಮ್ಮಂಥವರದ್ದೇ ಅಂತ ನನ್ನ ಅನುಮಾನ.

ಒಂದು ವೇಳೆ ಒಳ್ಳೆ ಜಲ್ಲಿ ಬಂತೇ ಅನ್ನಿ. ಕಾಂಕ್ರೀಟಿನ ಜಲ್ಲಿ-ಮರಳಿಗೆ ಇರುವ ಭಾರತೀಯ ಮಾನದಂಡ ಐಎಸ್ 383 2016ರಲ್ಲೇ ಒಪ್ಪಿದೆ: ಹಾಕುವ ಜಲ್ಲಿಯಲ್ಲಿ ಹಳೇ ಕಾಂಕ್ರೀಟಿನದು ಎಂ25 ದರ್ಜೆಯ ಗಟ್ಟಿತನದವರೆಗಿನ ಕಬ್ಬಿಣದ ಕಾಂಕ್ರೀಟಿಗೆ ನೂರಕ್ಕೆ 20 ಪಾಲಿನವರೆಗೆ, ಕಬ್ಬಿಣವಿಲ್ಲದ್ದಕ್ಕೆ 25ರವರೆಗೆ, ಪಾಯದಡಿಯ ತೆಳು ಕಾಂಕ್ರೀಟ್ ಬೆಡ್ಡಿಗೆ ಪೂರ್ತಿ. ನಮ್ಮ ಗುತ್ತಿಗೆದಾರರಿಗೆ ಇದನ್ನು ಹೇಳಿ ನೋಡಿ. ‘ಹಳೇದು ಹಾಕಿದ್ರೆ ಮನೆಯವ್ರು ಬೈತಾರೆ ಸರ್’ ಅಂತಾರೆ. ಸುಳ್ಳೂ ಅಲ್ಲ. ಗೃಹಪ್ರವೇಶಕ್ಕೆ ಬಂದವರು ಟೈಲ್ಸ್ ತಟ್ಟಿ ರೇಟು ಕೇಳುವ ಕಾಲ ಇದು. ತುಂಗಭದ್ರೆಯ ಮರಳು ಬಗೆದಾಯಿತು, ಗುಡ್ಡ ಒಡೆದು ಎಂ-ಸ್ಯಾಂಡ್ ಮಾಡಿದ್ದಾಯಿತು. ಆದರೂ ಅಜ್ಜ ತಂದ ಕಲ್ಲು ಮಾತ್ರ ನಮಗೆ ಕಸ.

ಬಿಚ್ಚಿಸಲು ಹದಿನೈದು ದಿನ ಆಗುತ್ತೆ, ಕೂಲಿ ಜಾಸ್ತಿ ಅಂತೀರಿ. ಒಪ್ಪಿದೆ. ತೊಲೆ, ಬಾಗಿಲು, ಕಲ್ಲು ಮಾರಿದ ದುಡ್ಡನ್ನೂ ಆ ಲೆಕ್ಕದಲ್ಲಿ ಬರೆದಿರಾ? ನಿಮ್ಮ ಬಾಗಿಲಿನ ಚೌಕಟ್ಟು ಇನ್ನೂ ಗುಜರಿಗೆ ಹೋಗಿರದಿದ್ದರೆ ಪತ್ರಿಕೆ ಕಚೇರಿಗೆ ಒಂದು ಫೋನ್ ಮಾಡಿ. ಕೊಳ್ಳುವವರೊಬ್ಬರು ನನಗೆ ಗೊತ್ತು.