ಸಣ್ಣ ಊರಲ್ಲಿ ಡೈವೋರ್ಸ್ ಲಾಯರ್ ಹುಡುಕೋದು ಹೇಗೆ? ಊರಲ್ಲಿ ಗೊತ್ತಾಗ್ದಂಗೆ ಬೆಂಗಳೂರಿಂದ ಕರೆಸ್ಲಾ?

ಗೊತ್ತಾಗೇ ಆಗುತ್ತೆ, ಆ ಆಸೆ ಬಿಡಿ. 2018ರಲ್ಲಿ ನಾನು ಕೋರ್ಟಿಗೆ ಹೋಗಿ ಮನೆಗೆ ಬರೋಷ್ಟರಲ್ಲಿ ಹಾಲಿನ ಡೈರಿ ಹತ್ರ ಸುದ್ದಿ ಆಗಿತ್ತು. ತುಮಕೂರು ಜಿಲ್ಲೆಯ ಒಂದು ತಾಲೂಕು ನಮ್ದು. ಈ ಭಯಕ್ಕೇ ನಾನೂ ಸೋದರಮಾವನ ಪರಿಚಯದ, 'ನಮ್ಮೋರೇ' ಅನ್ನಿಸ್ಕೊಂಡ ಲಾಯರ್ ಹತ್ರ ಹೋಗಿದ್ದು.

ಅದನ್ನಾದ್ರೂ ಬಿಡಿ, ನಾನು ಕೆಟ್ಟಿದ್ದು ಪಿಟಿಷನ್ ಓದ್ದೆ ಸಹಿ ಹಾಕಿ. ಗುಮಾಸ್ತ ಪೆನ್ಸಿಲಲ್ಲಿ ಇಂಟು ಮಾರ್ಕ್ ಹಾಕಿಟ್ಟಿದ್ದ, ಇಲ್ಲಿ ಹಾಕಮ್ಮ, ಇಲ್ಲೊಂದು ಅಂತ ಅವನು ಹಾಳೆ ತಿರುವ್ತಾ ಹೋದ ನಾನು ಹಾಕ್ತಾ ಹೋದೆ, ಇಂಗ್ಲಿಷಲ್ಲಿತ್ತು, ಓದೋಕೆ ಬರಲ್ಲ ಅಂತಲ್ಲ ಬಿಕಾಂ ಮಾಡಿದೀನಿ, ಆದ್ರೆ ಮಾವ ಪಕ್ಕದಲ್ಲೇ ಕೂತಿದ್ರು, ಓದಿ ಹಾಕ್ತೀನಿ ಅಂದ್ರೆ ನಂಬಿಕೆ ಇಲ್ಲ ಅಂದಂಗಾಗುತ್ತಲ್ಲ ಅಂತ ಸುಮ್ನಾದೆ. ನಾನು ಕೇಳಿದ್ದು ಇಬ್ರೂ ಒಪ್ಪಿ ಬೇರೆ ಆಗೋ, ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ. ಬೇರೆ ಇದ್ದು ಒಂದು ವರ್ಷ ದಾಟಿತ್ತು, ಯಜಮಾನ್ರೂ ಹೂಂ ಅಂದಿದ್ರು. ಈ ಲಾಯರ್ ಪುಣ್ಯಾತ್ಮ ಹಾಕಿದ್ದು ಕ್ರೌರ್ಯದ ಕೇಸು, ದಿನಾ ಕುಡಿದು ಬಂದು ಹೊಡೀತಿದ್ರು ಅಂತ. ಹೊಸತೊಡಕಿಗೂ ಒಂದು ಬಿಯರ್ ಮುಟ್ಟದ ಮನುಷ್ಯ ಅವರು! ನಮ್ದು ಮಾತೇ ಇಲ್ಲದ ಸಂಸಾರ ಆಗಿತ್ತು ಅಷ್ಟೇ, ಒಂದಿನಾನೂ ಕೈ ಎತ್ತಿದೋರಲ್ಲ. ನೋಟಿಸ್ ಹೋದ್ಮೇಲೆ ತಿರುಗಿ ಬಿದ್ರು, ಬೀಳ್ದೆ ಇರ್ತಾರಾ, ಆಮೇಲೆ ನಾಲ್ಕು ವರ್ಷ ಬರೀ ವಾಯಿದೆ, ಮಧ್ಯೆ ಕೊರೋನಾ ಬೇರೆ. ಪಾಟೀಸವಾಲಲ್ಲಿ ಎದುರು ಲಾಯರ್ ನಿಧಾನಕ್ಕೆ ಕೇಳಿದ್ರು, 'ನಿಮ್ ಯಜಮಾನ್ರು ಯಾವ ಬ್ರಾಂಡ್ ಕುಡೀತಿದ್ರಮ್ಮ?' ಹಿಂದೆ ಯಾರೋ ನಕ್ಕಿದ್ದು ಕೇಳಿಸ್ತು. ಏನಂತ ಹೇಳ್ಲಿ, ಕೆಳಗಿದ್ದಿದ್ದು ನನ್ ಸಹಿ.

ಇನ್ನು ಬೆಂಗಳೂರು ಲಾಯರ್ ಬೇಡವೇ ಬೇಡ, ಪ್ರತಿ ಡೇಟಿಗೂ ಕಾರಿನ ಖರ್ಚು ನಿಮ್ದೇ. ನಮ್ಮಂಥ ಊರಲ್ಲಿ 'ಡೈವೋರ್ಸ್ ಲಾಯರ್' ಅಂತ ಬೇರೆ ಜಾತಿ ಇರಲ್ಲ, ಜಮೀನು ಭಾಗ, ಚೆಕ್ ಬೌನ್ಸ್ ಮಾಡೋರೇ ಇದನ್ನೂ ಮಾಡೋದು. ಒಂದಿನ ಬೆಳಿಗ್ಗೆ 11ಕ್ಕೆ ಕೋರ್ಟ್ ಹಾಲಲ್ಲಿ ಹಿಂದಿನ ಬೆಂಚಲ್ಲಿ ಕೂತು ನೋಡಿ, ಕೇಸ್ ಕೂಗಿದಾಗ ಯಾರು ತಾವೇ ಎದ್ದು ನಿಲ್ತಾರೆ, ಯಾರು ಜೂನಿಯರ್ ಕೈಲಿ ಡೇಟ್ ಕೇಳಿಸ್ತಾರೆ, ಗೊತ್ತಾಗೋಗುತ್ತೆ. ಹೆಂಗಸಾಗಿದ್ರೆ ಆದಾಯ ಎಷ್ಟೇ ಇರ್ಲಿ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ಲಾಯರ್ ಕೇಳಬಹುದು, ಇದನ್ನ ನಂಗೆ ಯಾರೂ ಹೇಳ್ಲಿಲ್ಲ. ಕೇಸ್ ಹಾಕಿದ ದಿನವೇ, ಪ್ರತಿ ಕೇಸಿಗೂ ಬೇರೆ ಬೇರೆ ಇರೋ ಸಿಎನ್‌ಆರ್ ನಂಬರ್ ಇಸ್ಕೊಳಿ, ಇಕೋರ್ಟ್ಸ್ ಆಪಲ್ಲಿ ಮುಂದಿನ ಡೇಟ್ ನೀವೇ ನೋಡ್ಕೋಬಹುದು, ಗುಮಾಸ್ತನ್ನ ಕಾಡೋದು ತಪ್ಪುತ್ತೆ.

ಕೊನೆಗೆ ಮಾವನ ಮುನಿಸು ಕಟ್ಕೊಂಡು, ಹಳೇ ಲಾಯರ್ ಹತ್ರ ಅಭ್ಯಂತರ ಇಲ್ಲ ಅನ್ನೋ ಎನ್‌ಒಸಿ ಇಸ್ಕೊಂಡು ಲಾಯರ್ ಬದಲಾಯಿಸ್ದೆ. ಬಸ್ ಸ್ಟ್ಯಾಂಡ್ ಹಿಂದೆ ಎರಡು ಮೇಜಿನ ಆಫೀಸು, ಹೆಚ್ಚಾಗಿ ಪಾರ್ಟಿಶನ್ ಕೇಸ್ ನಡೆಸೋ ವಯಸ್ಸಾದವರು. ಮೀಡಿಯೇಶನಲ್ಲಿ, ಅಂದ್ರೆ ರಾಜಿ ಮಾತುಕತೆಯಲ್ಲಿ, ಮಾತಾಡಿ 13ಬಿಗೇ ತಂದ್ರು. ಆ ಪಿಟಿಷನ್ ಕನ್ನಡದಲ್ಲಿ ಟೈಪ್ ಮಾಡ್ಸಿ ನನ್ ಮುಂದೆ ಪೂರ್ತಿ ಓದಿದ್ರು, ಎರಡು ಕಡೆ ನಾನೇ ತಿದ್ದಿಸ್ದೆ.