ಒಂದು ಇಡ್ಲಿಗೆ ಹೊಟ್ಟೆ ತುಂಬಿತು ಎಂದರೆ ಅತ್ತೆ ನಂಬುವುದಿಲ್ಲ

ಪ್ರಶ್ನೆ: ನನಗೆ 41 ವರ್ಷ. ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಆಫೀಸು. ಮೂಲ ಕುಂದಾಪುರದ ಕಡೆ. ಎಂಟು ತಿಂಗಳ ಹಿಂದೆ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಸ್ಲೀವ್ ಅಂತಾರಲ್ಲ, ಅದು. ಆಗ 114 ಕಿಲೋ ಇದ್ದೆ, ಈಗ 84. ಶುಗರ್ ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದ್ದಾರೆ. ಸ್ಟೇಷನ್ ಸೇತುವೆ ಹತ್ತುವಾಗ ಮೊದಲಿನ ಹಾಗೆ ನಡುವೆ ನಿಂತು ಉಸಿರು ಬಿಡಬೇಕಿಲ್ಲ.

ಈ ವಿಷಯ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಊರಲ್ಲಿದ್ದ ಅತ್ತೆಗೆ ಹರ್ನಿಯಾ ಎಂದು ಹೇಳಿದೆವು. ಉಳಿದವರಿಗೆ ವಾಕಿಂಗು, ರಾಗಿ ಅಂಬಲಿ ಎಂದೆ. ಈಗ ಅತ್ತೆ ನಮ್ಮ ಜೊತೆ ಇರಲು ಬಂದಿದ್ದಾರೆ. ಒಂದು ಇಡ್ಲಿ ತಿಂದು ಎದ್ದರೆ ಮುಖ ಸಣ್ಣ ಮಾಡುತ್ತಾರೆ. "ಸೊಸೆಗೆ ನನ್ನ ಕೈಯಡುಗೆ ಸೇರುವುದಿಲ್ಲ" ಎಂದು ಊರಿಗೆ ಫೋನ್ ಮಾಡಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಅವರ ಬೇಸರ ನೋಡಲಾಗದೆ ಎರಡು ಸಲ ಜಾಸ್ತಿ ತಿಂದು ಬಾತ್‌ರೂಮಿಗೆ ಓಡಿದ್ದೇನೆ.

ಭಜನಾ ಮಂಡಳಿಯ ಗೆಳತಿಯೊಬ್ಬಳು ನನ್ನ 'ಡಯಟ್' ಕೇಳಿಕೊಂಡು ಹೋಗಿ ಎರಡು ಹೊತ್ತೂ ಬರೀ ಅಂಬಲಿ ಕುಡಿಯುತ್ತಿದ್ದಾಳೆ. ಅವಳಿಗೂ ಶುಗರ್ ಇದೆ, ಮಾತ್ರೆ ತಗೊಳ್ಳುತ್ತಾಳೆ. ಹೋದ ವಾರ ಠಾಣೆಯಲ್ಲಿ ಲೋಕಲ್ ಇಳಿದವಳೇ ಬೆವತು, ಕಣ್ಣು ಕತ್ತಲೆ ಬಂದು ಪ್ಲಾಟ್‌ಫಾರ್ಮಿನಲ್ಲಿ ಕೂತುಬಿಟ್ಟಳಂತೆ.

ನನ್ನ ಕಥೆಯೂ ಅಷ್ಟಕ್ಕಷ್ಟೇ. ರಾತ್ರಿ ಎಲ್ಲರೂ ಮಲಗಿದ ಮೇಲೆ ಚಿವಡಾ ಡಬ್ಬಿ ಹಿಡಿದು ಕೂರುತ್ತೇನೆ. ಒಂದು ತಿಂಗಳಿಂದ ತೂಕ ಇಳಿದಿಲ್ಲ. ಕೂದಲು ಬೇರೆ ಉದುರುತ್ತಿದೆ. ಚೌತಿಗೆ ಮನೆ ತುಂಬ ಜನ ಬರುತ್ತಾರೆ. ಎಲ್ಲರಿಗೂ ಹೇಳಿಬಿಡಲೇ?
ಹೆಸರು ಬೇಡ, ಡೊಂಬಿವಲಿ

ಉತ್ತರ: ಎಲ್ಲರಿಗೂ ಬೇಡ. ಇಬ್ಬರಿಗೆ ಹೇಳಿ. ಒಬ್ಬರಿಗೆ ಇವತ್ತೇ.

ಇವತ್ತೇ ಹೇಳಬೇಕಾದದ್ದು ಆ ಗೆಳತಿಗೆ. ನಿಮ್ಮ ಪತ್ರದಲ್ಲಿ ಅವಳ ವಿಷಯ ಮೂರನೇ ಪ್ಯಾರಾದಲ್ಲಿ ಬಂದಿದೆ. ನಾನು ಓದಿದ ಕೂಡಲೇ ನಿಂತದ್ದು ಅಲ್ಲೇ. ನಿಮ್ಮ ಶುಗರ್ ಮಾತ್ರೆಯನ್ನು ಡಾಕ್ಟರ್ ನಿಲ್ಲಿಸಿದರು. ಅವಳದ್ದನ್ನು ಯಾರೂ ನಿಲ್ಲಿಸಿಲ್ಲ. ಕೆಲವು ಶುಗರ್ ಮಾತ್ರೆಗಳು ಊಟ ಬಂದರೂ ಬರದಿದ್ದರೂ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ರಕ್ತದ ಸಕ್ಕರೆ ಕೆಳಕ್ಕೆ ಜಾರುತ್ತದೆ. ಬೆವರು, ನಡುಕ, ಕಣ್ಣು ಕತ್ತಲೆ ಎಲ್ಲ ಅದರದ್ದೇ ಲಕ್ಷಣಗಳು. ಅವತ್ತು ಅವಳು ಪ್ಲಾಟ್‌ಫಾರ್ಮಿನಲ್ಲಿ ಕೂತಳು. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಾಗಲೇ ಹಾಗಾಗಿದ್ದರೆ? ಸೆಂಟ್ರಲ್ ಲೈನಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೋನ್ ಮಾಡಿ, "ಈಗ ಏನು ತಿನ್ನುತ್ತಿದ್ದೀಯೋ ಅದನ್ನೆಲ್ಲ ಬರೆದುಕೊಂಡು, ಮಾತ್ರೆಯ ಚೀಟಿ ಹಿಡಿದು ನಾಳೆಯೇ ನಿನ್ನ ಡಾಕ್ಟರ ಹತ್ತಿರ ಹೋಗು" ಎನ್ನಿ. ಮಾತ್ರೆಯನ್ನು ತಾನೇ ನಿಲ್ಲಿಸುವುದು ಬೇಡ. ಮತ್ತೆ ಹಾಗೆ ಬೆವರಿದರೆ ಮೊದಲು ಮೂರು ನಾಲ್ಕು ಚಮಚ ಸಕ್ಕರೆ ಕಲಸಿದ ನೀರು ಕುಡಿಯಬೇಕು, ಉಳಿದದ್ದೆಲ್ಲ ಆಮೇಲೆ.

ಆಪರೇಷನ್ ಕಥೆಯನ್ನು ಅವಳಿಗೆ ಪೂರ್ತಿ ಹೇಳಬೇಕಾ? ನಿಮ್ಮ ಮೈಯ ವಿಷಯವನ್ನು ಮುಚ್ಚಿಡುವ ಹಕ್ಕು ನಿಮಗಿದೆ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಮುಚ್ಚಿಡುವುದು ಬೇರೆ, ಸುಳ್ಳು ರೆಸಿಪಿ ಕೊಡುವುದು ಬೇರೆ, ಅಲ್ವಾ? ನಿಮ್ಮ ಹೊಟ್ಟೆಯ ಮುಕ್ಕಾಲು ಭಾಗ ಈಗ ಇಲ್ಲ. ಉಳಿದಿರುವುದು ಬಾಳೆಹಣ್ಣಿನಂಥ ಸಪೂರ ಚೀಲ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಕತ್ತರಿಸಿ ತೆಗೆದ ಆ ಭಾಗದಲ್ಲೇ. ವಿಜ್ಞಾನಿಗಳು ಅದನ್ನು ಗುರುತಿಸಿದ್ದೇ 1999ರಲ್ಲಿ. ಹಾಗಾಗಿ ಒಂದು ಇಡ್ಲಿ ತಿಂದರೂ ನಿಮ್ಮ ಹೊಟ್ಟೆ ಸುಮ್ಮನಿರುತ್ತದೆ. ಅವಳದ್ದು ಇಡೀ ಹೊಟ್ಟೆ, ಇಡೀ ಹಸಿವು. ನಿಮಗೆ ಊಟವಾದದ್ದು ಅವಳಿಗೆ ಉಪವಾಸ. "ನನ್ನದು ಅಂಬಲಿಯಿಂದ ಆದದ್ದಲ್ಲ, ಆಸ್ಪತ್ರೆಯಲ್ಲಿ ಆದದ್ದು. ನಿನ್ನಿಂದ ಮುಚ್ಚಿಟ್ಟೆ, ತಪ್ಪಾಯಿತು." ಇಷ್ಟು ಸಾಕು. ಅವಳು ಕೆದಕಿ ಕೇಳಿದರೆ ಎಷ್ಟು ಹೇಳಬೇಕು ಎನ್ನುವುದು ನಿಮಗೇ ಬಿಟ್ಟದ್ದು.

ಅವಳು ಮಂಡಳಿಯಲ್ಲಿ ಹೇಳಿಬಿಟ್ಟರೆ ಎಂಬ ಹೆದರಿಕೆ ನಿಮಗಿದೆ. ಪತ್ರದಲ್ಲಿ ಬರೆದಿಲ್ಲ, ಆದರೂ ಕಾಣುತ್ತದೆ. ಹೇಳಬಹುದು. "ದುಡ್ಡು ಕೊಟ್ಟು ಸಪೂರ ಆದಳು" ಎನ್ನುವವರೂ ಸಿಗುತ್ತಾರೆ. ಎರಡು ಶುಕ್ರವಾರ ಅದೇ ಮಾತು ನಡೆಯುತ್ತದೆ. ಮೂರನೇ ಶುಕ್ರವಾರ ಯಾರದ್ದೋ ಸೊಸೈಟಿಯ ರೀಡೆವಲಪ್‌ಮೆಂಟ್ ಸುದ್ದಿ ಬರುತ್ತದೆ, ನಿಮ್ಮನ್ನು ಮರೆಯುತ್ತಾರೆ. ಮುಂಬೈಯಲ್ಲಿ ಚದರ ಅಡಿಯ ಮುಂದೆ ಯಾವ ಗಾಸಿಪ್ಪೂ ನಿಲ್ಲುವುದಿಲ್ಲ.

ಈಗ ಅತ್ತೆ.

ಅದಕ್ಕೆ ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಸುಮಾರು ವರ್ಷಗಳ ಹಿಂದೆ ನಮ್ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬಂದವರಲ್ಲಿ ಬೈಪಾಸ್ ಎನ್ನುವ ಜಾತಿಯ ತೂಕದ ಆಪರೇಷನ್ ಆದವರೊಬ್ಬರಿದ್ದರು. ನನಗೆ ಗೊತ್ತಿರಲಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು ಅಕ್ಕ, ಸಾಕು" ಎಂದರು. ನಾನು ಕೇಳುವವಳಲ್ಲ. ಬೆರಳುಗಳ ಸಂದಿಯಲ್ಲೇ ಕಡಲೆಬೇಳೆ ಪಾಯಸ ಎರಡು ಸೌಟು ಸುರಿದೆ. ಎಲೆಯಲ್ಲಿ ಬಿಡಬಾರದು ಎಂದು ಪಾಪ ಅಷ್ಟನ್ನೂ ತಿಂದರು. ಕಾಲು ಗಂಟೆಯೊಳಗೆ ನಮ್ಮ ದಿವಾನದ ಮೇಲೆ ಅಂಗಿಯ ಗುಂಡಿ ಬಿಚ್ಚಿಕೊಂಡು ಮಲಗಿದ್ದರು. ಹಣೆಯಲ್ಲಿ ಬೆವರು, ಎದೆ ಡವಡವ, ಹೊಟ್ಟೆಯೊಳಗೆ ಹಿಂಡಿದ ಹಾಗೆ. ಡಂಪಿಂಗ್ ಎನ್ನುತ್ತಾರೆ ಅದಕ್ಕೆ. ಸಿಹಿ ಹೊಟ್ಟೆಯಲ್ಲಿ ನಿಲ್ಲದೆ ಒಮ್ಮೆಗೇ ಸಣ್ಣ ಕರುಳಿಗೆ ನುಗ್ಗಿದರೆ ಹೀಗಾಗುತ್ತದೆ. ಬೈಪಾಸ್ ಆದವರಿಗೆ ಜಾಸ್ತಿ, ನಿಮ್ಮ ಹಾಗೆ ಸ್ಲೀವ್ ಆದವರಿಗೂ ಬರುವುದುಂಟು. ಅರ್ಧ ಗಂಟೆ ಕಳೆದು ಎದ್ದು ಕೂತವರು ನನ್ನ ಹತ್ತಿರ "ಸಾರಿ ಅಕ್ಕ, ತೊಂದರೆ ಕೊಟ್ಟೆ" ಎಂದರು. ಸೌಟು ಹಿಡಿದದ್ದು ನಾನು, ಕ್ಷಮೆ ಕೇಳಿದ್ದು ಅವರು!

ನನಗೆ ಒಂದು ಮಾತು ಮೊದಲೇ ಗೊತ್ತಿದ್ದರೆ ಆ ಪಾಯಸ ಪಾತ್ರೆಯಲ್ಲೇ ಉಳಿಯುತ್ತಿತ್ತು. ನಿಮ್ಮ ಅತ್ತೆಯ ಕಥೆಯೂ ಇದೇ. ಸೊಸೆ ಮೂವತ್ತು ಕಿಲೋ ಸೊರಗಿದ್ದಾಳೆ. ಹರ್ನಿಯಾದಿಂದ ಯಾರೂ ಮೂವತ್ತು ಕಿಲೋ ಇಳಿಯುವುದಿಲ್ಲ ಎನ್ನುವುದು ಅವರಿಗೂ ಗೊತ್ತು. ನಮ್ಮೂರ ಕಡೆ ಒಮ್ಮೆಗೇ ಸೊರಗುವುದೆಂದರೆ ಕಾಯಿಲೆ ಎಂದೇ ಲೆಕ್ಕ. "ನನ್ನ ಕೈಯಡುಗೆ ಸೇರುವುದಿಲ್ಲ" ಎಂದು ಫೋನಿನಲ್ಲಿ ಹೇಳಿಕೊಂಡದ್ದು ಬರೀ ಸಿಟ್ಟು ಅಂತ ನನಗೆ ಅನ್ನಿಸುವುದಿಲ್ಲ. ಅದರಲ್ಲಿ ಹೆದರಿಕೆಯೇ ಜಾಸ್ತಿ ಇರಬೇಕು.

ಈ ಮಾತನ್ನು ಶುರು ಮಾಡಬೇಕಾದವರು ನಿಮ್ಮ ಗಂಡ. ಹರ್ನಿಯಾ ಸುಳ್ಳಿನಲ್ಲಿ ಅವರದ್ದೂ ಪಾಲಿದೆ. ಹಾಲ್‌ನಲ್ಲಿ ಕೂರಿಸಿ ಸಭೆ ಮಾಡಬೇಡಿ. ಅಡುಗೆಮನೆಯಲ್ಲಿ, ಅವರು ತೆಂಗಿನಕಾಯಿ ತುರಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಇರುವಾಗ ಹೇಳಿ. ಒಂದು ಬಾಳೆಹಣ್ಣು ತೋರಿಸಿ, "ಅಮ್ಮ, ನನ್ನ ಹೊಟ್ಟೆ ಈಗ ಇಷ್ಟೇ" ಎನ್ನಿ. ಅವರಿಗೆ ಸಿಟ್ಟು ಬರಬಹುದು. ಕತ್ತರಿ ಹಾಕಿಸಿಕೊಂಡದ್ದಕ್ಕಿಂತ ತಮ್ಮಿಂದ ಮುಚ್ಚಿಟ್ಟದ್ದಕ್ಕೆ ಎರಡು ದಿನ ಮಾತು ಬಿಡಬಹುದು. ಬಿಡಲಿ. ಆಗ ಸಮಾಧಾನ ಮಾಡಲು ಹೋಗಿ ಮತ್ತೆ ಜಾಸ್ತಿ ತಿನ್ನಬೇಡಿ.

ಮೂರನೇ ದಿನ ಅವರಿಗೊಂದು ಕೆಲಸ ಕೊಡಿ. ಬಡಿಸಿ ಅಭ್ಯಾಸವಾದ ಕೈಗೆ "ಬಡಿಸಬೇಡಿ" ಎಂದರೆ ನೋವಾಗುತ್ತದೆ, "ಹೀಗೆ ಬಡಿಸಿ" ಎಂದರೆ ಹುರುಪು ಬರುತ್ತದೆ. ನಿಮಗೆ ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಬೇಕು. ನಿಮ್ಮ ಡಯಟೀಷಿಯನ್ ಖಂಡಿತ ಹೇಳಿರುತ್ತಾರೆ. ಒಂದು ಇಡ್ಲಿಯಲ್ಲಿ ಸಿಗುವುದು ಎರಡು ಗ್ರಾಂ ಆಸುಪಾಸು. ಒಂದು ಮೊಟ್ಟೆಯಲ್ಲಿ ಆರು. ನೂರು ಗ್ರಾಂ ಮೀನಿನಲ್ಲಿ ಇಪ್ಪತ್ತರ ಹತ್ತಿರ. ಕುಂದಾಪುರದವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇನ್ನೇನು ಬೇಕು! ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡದ ಹಾಗೆ, ಬಂಗುಡೆ ಬದಿಗೆ. ನಿಮ್ಮ ತಟ್ಟೆಯಲ್ಲಿ ಅದು ತಿರುಗಬೇಕು. ಮೊದಲು ಮೀನು, ಆಮೇಲೆ ಪಲ್ಯ, ಜಾಗ ಉಳಿದರೆ ಎರಡು ತುತ್ತು ಅನ್ನ. ಮೀನು ಇಲ್ಲದ ದಿನ ಹೆಸರುಬೇಳೆ ದೋಸೆ, ಮೊಟ್ಟೆ, ಗಟ್ಟಿ ಮೊಸರು, ಪನೀರು. ಇಂಥದ್ದರಲ್ಲಿ ಅತ್ತೆಗೆ ನಿಮ್ಮ ಡಯಟೀಷಿಯನ್‌ಗಿಂತ ಜಾಸ್ತಿ ಗೊತ್ತಿರುತ್ತದೆ, ಕೇಳಿ ನೋಡಿ. ತಟ್ಟೆ ಚಿಕ್ಕದಿರಲಿ. ಊಟಕ್ಕೆ ಇಪ್ಪತ್ತು ನಿಮಿಷ ಇರಲಿ, ತುತ್ತು ನುಣ್ಣಗಾಗುವ ತನಕ ಅಗಿಯಿರಿ. ಊಟದ ಜೊತೆ ನೀರು ಬೇಡ. ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಪಕ್ಕದಲ್ಲಿ ಲೋಟ ಇಡುವುದು ಅತ್ತೆಯ ರೂಢಿ ಇರುತ್ತದೆ, ಇದನ್ನು ಮೊದಲೇ ಹೇಳಿಬಿಡಿ.

ಜಾಸ್ತಿ ತಿಂದು ಎರಡು ಸಲ ವಾಂತಿಯಾದದ್ದಕ್ಕೆ ಗಾಬರಿ ಬೇಡ. ಆದರೆ ಕಾರಣವಿಲ್ಲದೆ ದಿನಾ ವಾಂತಿ ಶುರುವಾದರೆ ಕಾಯಬೇಡಿ, ಆಪರೇಷನ್ ಮಾಡಿದವರ ಹತ್ತಿರ ಹೋಗಿ. ವಾಂತಿ ನಿಲ್ಲದೆ ಹೋದರೆ ಥಯಾಮಿನ್ ಎನ್ನುವ ಬಿ1 ವಿಟಮಿನ್ ಕಡಿಮೆಯಾಗಿ ನರಗಳಿಗೇ ಪೆಟ್ಟು ಬೀಳಬಹುದು.

ಕೂದಲಿನ ವಿಷಯಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಆಪರೇಷನ್ ಆಗಿ ಮೂರು ನಾಲ್ಕು ತಿಂಗಳಿಗೆ ಉದುರಲು ಶುರುವಾಗಿ ಕೆಲವು ತಿಂಗಳು ನಡೆಯುತ್ತದೆ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಎಣ್ಣೆ ಬದಲಿಸಿದರೆ ಎಣ್ಣೆ ಅಂಗಡಿಯವನಿಗಷ್ಟೇ ಲಾಭ. ಮುಂದಿನ ಚೆಕಪ್‌ನಲ್ಲಿ ಕಬ್ಬಿಣ, ಬಿ12, ವಿಟಮಿನ್ ಡಿ ನೋಡಿಸಿ. ವಿಟಮಿನ್ ಮಾತ್ರೆ ಜೀವನವಿಡೀ ಇರುವಂಥದ್ದು, ಚೆನ್ನಾಗಿದ್ದೇನೆ ಎಂದು ಬಿಡುವ ಹಾಗಿಲ್ಲ. ಕಬ್ಬಿಣದ್ದನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಇರಲಿ.

ಚಿವಡಾ ಡಬ್ಬಿಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ಒಂದು ಇಡ್ಲಿಗೆ ತುಂಬುವ ಹೊಟ್ಟೆಗೆ ಅರ್ಧ ಡಬ್ಬಿ ಚಿವಡಾ ಹೇಗೆ ಹೋಗುತ್ತದೆ ಎಂದು ನಿಮಗೂ ಆಶ್ಚರ್ಯವಾಗಿರಬೇಕು. ಹೋಗುತ್ತದೆ. ಬಾಯಲ್ಲೇ ಕರಗಿ ಮೆತ್ತಗಾಗಿ ಆ ಸಪೂರ ಚೀಲದಿಂದ ಜಾರಿಕೊಂಡು ಇಳಿದುಬಿಡುತ್ತದೆ. ಮೀನು, ಮೊಟ್ಟೆಯ ಹಾಗೆ ಕೂರುವುದಿಲ್ಲ. ಹಿಡಿ ಹಿಡಿಯಾಗಿ ಒಂದು ಗಂಟೆ ತಿಂದರೂ 'ಸಾಕು' ಅನ್ನಿಸುವುದಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಪದವೇ ಇದೆ, ಮೇಯುವುದು. ಡಾಕ್ಟರುಗಳೂ ಇಂಗ್ಲಿಷಿನಲ್ಲಿ ಇದೇ ಅರ್ಥದ ಪದ ಬಳಸುತ್ತಾರೆ. ತೂಕ ನಿಂತದ್ದಕ್ಕೆ ಇದೂ ಕಾರಣವಿರಬಹುದು. ಸುಮ್ನೆ ನಿಂತಿರಲೂಬಹುದು, ಎಲ್ಲರ ತೂಕವೂ ನಡುನಡುವೆ ಹೀಗೆ ನಿಲ್ಲುತ್ತದೆ.

ಆಪರೇಷನ್ ಕತ್ತರಿಸಿದ್ದು ಹೊಟ್ಟೆಯನ್ನು. ರಾತ್ರಿ ಹನ್ನೊಂದರ ಬೇಸರವನ್ನು ಅದು ಮುಟ್ಟಿಲ್ಲ. ನೀವು ಬೆಳಿಗ್ಗೆಯಿಂದ ಲೋಕಲ್, ಆಫೀಸು, ಲೋಕಲ್, ಅಡುಗೆಮನೆ ಎಂದು ಓಡುತ್ತೀರಿ. ಆ ಒಂದು ಗಂಟೆ ಮಾತ್ರ ನಿಮ್ಮದು. ಮೊದಲು ಆ ಗಂಟೆಯಲ್ಲಿ ತಟ್ಟೆ ತುಂಬ ಏನಾದರೂ ಜೊತೆಗಿರುತ್ತಿತ್ತು. ಈಗ ಆ ಜೊತೆ ತಪ್ಪಿದೆ. ಬೇಜಾರಾಗುವುದು ಸಹಜ. "ಇಷ್ಟು ದುಡ್ಡು ಸುರಿದು ಹೀಗೆ ಮಾಡುತ್ತಿದ್ದೇನೆ" ಎಂದು ನಿಮ್ಮನ್ನೇ ಬೈದುಕೊಂಡರೆ ಮರುದಿನ ಇನ್ನೊಂದು ಹಿಡಿ ಜಾಸ್ತಿ ಹೋಗುತ್ತದೆ, ಅಷ್ಟೇ. ಡಬ್ಬಿಯನ್ನು ಮನೆಗೆ ತರುವುದು ನಿಲ್ಲಿಸಿ. ಕಪಾಟಿನ ಮೇಲೆ ಬಚ್ಚಿಟ್ಟರೆ ಆಗುವುದಿಲ್ಲ, ನಿಮಗೆ ಸ್ಟೂಲು ಎಲ್ಲಿದೆ ಎಂದು ಗೊತ್ತು. ಆ ಹೊತ್ತಿನಲ್ಲಿ ನಿಜವಾಗಿ ಹಸಿವಾದರೆ ಒಂದು ಲೋಟ ಹಾಲು ಕುಡಿಯಿರಿ. ಹಸಿವಿಲ್ಲದೆ ಕೈ ಹೋಗುತ್ತಿದೆ ಎಂದಾದರೆ ಆಪರೇಷನ್ ಮಾಡಿದ ಕಡೆ ಕೌನ್ಸೆಲರ್ ಇದ್ದಾರಾ ಕೇಳಿ. ಇಲ್ಲದಿದ್ದರೆ ಸರ್ಜನ್‌ಗೇ ಹೇಳಿ, ಹೊರಗೆ ಯಾರ ಹತ್ತಿರವಾದರೂ ಕಳಿಸುತ್ತಾರೆ. ನಾಚಿಕೆ ಬೇಡ, ಅವರ ಹತ್ತಿರ ಈ ಮಾತು ಹೇಳುವ ಮೊದಲ ಪೇಷಂಟ್ ನೀವಲ್ಲ. ಮನಸ್ಸು ತೀರಾ ಕುಗ್ಗುತ್ತಿದೆ, ಯಾವುದೂ ಬೇಡ ಅನ್ನಿಸುತ್ತಿದೆ ಎಂದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಲೇಬೇಡಿ.

ಇನ್ನು ಚೌತಿ. ಮನೆ ತುಂಬ ಬರುವ ಜನಕ್ಕೆ ನಿಮ್ಮ ಹೊಟ್ಟೆಯ ಅಳತೆ ಬೇಕಿಲ್ಲ. "ಡಾಕ್ಟರ್ ಹೇಳಿದ ಊಟ" ಎಂದರೆ ಸಾಕು. ಅದು ಸುಳ್ಳೂ ಅಲ್ಲ. ಜನ ಬರುವ ಮೊದಲೇ ಒಳಗೆ ಕೂತು ನಿಧಾನವಾಗಿ ಒಂದು ಚಿಕ್ಕ ಬಟ್ಟಲು ಹೆಸರುಬೇಳೆ ತೊವ್ವೆ ತಿಂದುಬಿಡಿ. ಕಡುಬಿನಲ್ಲಿ ಅರ್ಧ ರುಚಿಗೆ. ಆಮೇಲೆ ಸೌಟು ಹಿಡಿದುಕೊಂಡು ಪಂಕ್ತಿಯಲ್ಲಿ ಓಡಾಡಿ. ಬಡಿಸುವವಳು ಏನು ತಿಂದಳು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೂ ಆ ಹೊತ್ತಿಗೆ ಉತ್ತರ ಕೊಡಲು ಅತ್ತೆ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾರೆ. ಎಲೆಯ ಮೇಲೆ ಯಾರಾದರೂ ಕೈ ಅಡ್ಡ ಹಿಡಿದರೆ ಮಾತ್ರ, ದಯವಿಟ್ಟು, ಪಾಯಸ ಸುರಿಯಬೇಡಿ.